ಪುಕ್ಕಟೆ ಸಂಗೀತದ ಷರತ್ತುಗಳೂ ನಮ್ಮ ಕಾಕಾನೂ

ಮೊಬೈಲಿಗೆ ಹೊಸದೇನಾದರೂ ಹಾಕಿಕೊಳ್ಳುವಾಗ ಒಂದು ಉದ್ದನೆಯ ಬರಹ ಬರುತ್ತದಲ್ಲ, ಅದರ ಕೆಳಗೆ ‘ಮೇಲಿನ ಎಲ್ಲ ಷರತ್ತುಗಳನ್ನು ಓದಿ ಒಪ್ಪಿದ್ದೇನೆ’ ಎಂಬ ಬಟನ್ ಇರುತ್ತದಲ್ಲ, ಅದನ್ನು ನೀವು ಎಂದಾದರೂ ಓದಿದ್ದೀರಾ? ಸುಳ್ಳು ಹೇಳಬೇಡಿ! ನಾನೂ ಓದಿಲ್ಲ. ಅದನ್ನು ಬರೆದವರೇ ಎರಡನೆಯ ಸಲ ಓದಿರಲಿಕ್ಕಿಲ್ಲ. ಆದರೆ ಅದನ್ನು ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದಿ, ಅನುಮಾನ ಬಂದಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಕೊನೆಗೆ ‘ಒಪ್ಪಿಲ್ಲ’ ಎಂದು ಮೊಬೈಲನ್ನೇ ಅಂಗಡಿಗೆ ವಾಪಸು ಕೊಟ್ಟು ಬರುವ ಒಬ್ಬರು ಈ ಭೂಮಿಯ ಮೇಲಿದ್ದಾರೆ. ಅವರ ವಾಸ ಭಾಲ್ಕಿಯಲ್ಲಿ. ನನ್ನ ದುರ್ದೈವಕ್ಕೋ ಸುದೈವಕ್ಕೋ ಅವರು ನನ್ನ ಖಾಸಾ ಕಾಕಾ, ಅಪ್ಪನ ತಮ್ಮ.

ಕಾಕಾ ನಲವತ್ತು ವರ್ಷ ನೋಂದಣಿ ಕಚೇರಿಯ ಮುಂದೆ ಬೇವಿನ ಮರದ ನೆರಳಲ್ಲಿ ಒಂದು ಮೇಜು ಹಾಕಿಕೊಂಡು ಜನರ ಕಾಗದಪತ್ರ ಬರೆದವರು. ಹೊಲ ಮಾರುವವರು, ಕೊಳ್ಳುವವರು, ಪಾಲಾಗುವ ಅಣ್ಣತಮ್ಮಂದಿರು, ಎಲ್ಲರೂ ಅವರ ಮೇಜಿನ ಮುಂದೆ ಕೂತೆದ್ದವರೇ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ಅವರ ಪದ್ಧತಿ. ಹೊಲಕ್ಕೆ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಬಾವಿಯಲ್ಲಿ ಯಾರ ಪಾಲೆಷ್ಟು, ಬೇಲಿಯ ಬಾರೆಗಿಡ ಯಾರದು, ಎಲ್ಲ ಮುಗಿಯುವತನಕ ಯಾರೂ ಏಳುವ ಹಾಗಿಲ್ಲ. ಒಮ್ಮೆ ಪಾಲಿನ ಕಾಗದಕ್ಕೆಂದು ಮುಖ ಗಂಟಿಕ್ಕಿಕೊಂಡು ಬಂದಿದ್ದ ಅಣ್ಣತಮ್ಮಂದಿರಿಬ್ಬರು, ಕಾಕಾನ ಓದು ಅರ್ಧಕ್ಕೆ ಬರುವಷ್ಟರಲ್ಲಿ ಹಸಿವು ತಾಳಲಾರದೆ ಕೂಡಿ ಊಟಕ್ಕೆ ಹೋದವರು ಅಲ್ಲಿಯೇ ರಾಜಿಯಾಗಿ ಊರಿಗೆ ಹೋಗಿಬಿಟ್ಟರಂತೆ!

ಮೇಜು ಎತ್ತಿಟ್ಟ ಮೇಲೂ ಓದುವ ಚಟ ಹೋಗಲಿಲ್ಲ. ಬಸ್ ಟಿಕೀಟಿನ ಹಿಂಬದಿ ಓದುತ್ತಾರೆ. ಬಿಸ್ಕೀಟು ಪುಡಿಕೆಯ ಮಡಿಕೆ ಬಿಡಿಸಿ ಓದುತ್ತಾರೆ. ನಮ್ಮ ಕಾಕು, ಅಂದರೆ ಅವರ ಹೆಂಡತಿ, ಜ್ವರ ಬಂದು ಗುಳಿಗೆ ಕೇಳಿದರೆ ಡಬ್ಬಿಯೊಳಗಿನ ಚೀಟಿ ತೆಗೆದು ಅದರಿಂದ ಆಗಬಹುದಾದ ಅನಾಹುತಗಳನ್ನೆಲ್ಲ ಸಾವಕಾಶವಾಗಿ ಓದಿ ಹೇಳುತ್ತಾರೆ. ಅಷ್ಟರಲ್ಲಿ ಹೆದರಿ ಜ್ವರವೇ ಇಳಿದಿರುತ್ತದೆ.

ಇಂಥವರು ನನ್ನ ಕಸುಬಿನೊಳಗೆ ಕಾಲಿಟ್ಟದ್ದು ಹೇಗೆ? ಅದಕ್ಕೆ ನಾನೇ ಕಾರಣ. ಬೀದರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಕುಬಸ, ನಾಮಕರಣಗಳ ವಿಡಿಯೊ ಮಾಡುತ್ತೇನೆ. ಅದು ಹೊಟ್ಟೆಗೆ. ಮನಸ್ಸಿಗೆಂದು ಒಂದು ಚಾನೆಲ್ ಇಟ್ಟುಕೊಂಡಿದ್ದೇನೆ. ಕಂಬಳಿ ನೇಯುವವರು, ಕುರಿ ಕಾಯುವವರು, ಬಗದಲ್‌ನ ಅಜ್ಜಿಯ ಉಪ್ಪಿನಕಾಯಿ, ನಮ್ಮ ಭಾಗದ ಇಂಥವೆಲ್ಲ ಎಂಟು ವರ್ಷದಿಂದ ಅದರಲ್ಲಿ ಸೇರಿವೆ. ಆ ವಿಡಿಯೊಗಳಲ್ಲಿ ನಗುತ್ತಿರುವ ಎಷ್ಟೋ ಜನ ಈಗ ಇಲ್ಲ. ಹಿನ್ನೆಲೆಗೆ ಬೇಕಾದ ಸಂಗೀತವನ್ನು ನಾನು ‘ಫ್ರೀ’ ಎಂದು ಬರೆದಿದ್ದ ಕಡೆಯಿಂದ ಇಳಿಸಿಕೊಂಡು ಹಾಕುತ್ತಿದ್ದೆ. ಒಂದು ದಿನ ದೂರು ಬಂತು. ‘ಫ್ರೀ’ ಎಂದು ದೊಡ್ಡ ಅಕ್ಷರದಲ್ಲಿತ್ತಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮನೆಯಲ್ಲಿ ಕೇಳಲು ಮಾತ್ರ’ ಎಂದಿತ್ತಂತೆ! ಮುಂದೆ ಎರಡು ತಿಂಗಳಿಗೆ ಇನ್ನೊಂದು ದೂರು. ಈ ಸಲ ಬಳಸಬಹುದಾಗಿತ್ತು, ಆದರೆ ಸಂಗೀತಗಾರನ ಹೆಸರು ಹಾಕಬೇಕಿತ್ತು. ನಾನು ಹಾಕಿರಲಿಲ್ಲ. ಅದರ ಜೊತೆಗೇ ಎಚ್ಚರಿಕೆಯೂ ಬಂತು: ಮೂರನೆಯ ತಪ್ಪು ನಡೆದರೆ ಚಾನೆಲ್ ಬಂದ್, ಎಂಟು ವರ್ಷದ್ದೆಲ್ಲ ಅಳಿಸಿಹೋಗುತ್ತದೆ. ನಾನು ಅತ್ತುಬಿಟ್ಟೆ. ಅಪ್ಪ ತಮ್ಮನಿಗೆ ಫೋನ್ ಮಾಡಿದರು. ಮರುದಿನ ಭಾಲ್ಕಿಯ ಮೊದಲ ಬಸ್ಸಿಗೆ ಕಾಕಾ, ಅವರ ಕೈಚೀಲ, ಅದರೊಳಗಿನ ಕೆಂಪು ಪೆನ್ಸಿಲು, ಮೂರೂ ಬೀದರಿಗೆ ಬಂದಿಳಿದವು.

“ಯಾವ ಕಾಗದಕ್ಕ ಸಹಿ ಮಾಡೀದಿ, ತೋರಸು.”

“ಕಾಗದ ಇಲ್ರಿ ಕಾಕಾ. ಬಟನ್ ಒತ್ತೀನಿ.”

“ಓದಲಾರ್ದೆ ಒತ್ತೀದಿ?”

“ಫ್ರೀ ಅಂತ ಬರ್ದಿತ್ತಲ್ರಿ!”

ಕಾಕಾ ಕನ್ನಡಕ ತೆಗೆದು ನನ್ನನ್ನು ಒಂದು ಕ್ಷಣ ನೋಡಿದರು. “ಮದಿವಿ ಊಟಾನೂ ಫ್ರೀ ಇರ್ತದ ಬೇಟಾ. ಹಂಗಂತ ಉಂಡು ಬರೂಮುಂದ ಪಾತೇಲಿ ಹೊತ್ಕೊಂಡು ಬರ್ತೀಯೇನು?”

ಹೇಳಿ ಸುಮ್ಮನಾಗಲಿಲ್ಲ. ಆ ಸಂಗೀತದ ಷರತ್ತುಗಳನ್ನೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ಕಾಗದದ ಮೇಲೆ ತೆಗೆಸಿದರು. ಹದಿನಾರು ಪುಟ! ನನ್ನ ಕುರ್ಚಿಯಲ್ಲಿ ಕೂತು, ಇಂಗ್ಲಿಷನ್ನು ತಮ್ಮ ಕಾಗದಪತ್ರದ ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದರು. “ಸದರಿ ಧಾಟಿಯನ್ನು ಬರೆದುಕೊಟ್ಟವರು ರಾಜಿಖುಷಿಯಿಂದ, ಯಾರ ಜುಲುಮೆಯೂ ಇಲ್ಲದೆ, ಈ ಕೆಳಗೆ ಕಾಣಿಸಿದ ಷರತ್ತುಗಳಿಗೆ ಒಳಪಟ್ಟು...” ನಾಮಕರಣದ ವಿಡಿಯೊ ಒಯ್ಯಲು ಬಂದಿದ್ದ ದಂಪತಿ ಬಾಗಿಲಲ್ಲಿ ನಿಂತರು, ಕೂತರು, ಕೂಸಿಗೆ ಹಾಲು ಕುಡಿಸಿದರು, ಕೊನೆಗೆ ಇನ್ನೊಮ್ಮೆ ಬರುತ್ತೇವೆಂದು ಎದ್ದು ಹೋದರು. ಕಾಕಾ ಒಂಬತ್ತನೆಯ ಪುಟದಲ್ಲಿದ್ದರು.

ಆದರೂ ಖರೆ ಹೇಳುತ್ತೇನೆ, ಎಂಟು ವರ್ಷದಲ್ಲಿ ನನಗೆ ತಿಳಿಯದ್ದು ಅವರಿಗೆ ಒಂದು ಮುಂಜಾನೆಯಲ್ಲಿ ತಿಳಿಯಿತು. ನಮ್ಮ ಕಡೆ ಮದುವೆಯಲ್ಲಿ ಆಹೇರ್ ಕೂಗುವುದನ್ನು ನೀವು ಕೇಳಿರಬಹುದು. ಉಡುಗೊರೆ ಕೊಟ್ಟವರ ಹೆಸರು, ಊರು, ಕೊಟ್ಟದ್ದೇನು ಎಂದು ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಾರೆ. ಹೇಳದಿದ್ದರೆ ಕೊಟ್ಟವರು ಹತ್ತು ವರ್ಷ ಮಾತು ಬಿಡುತ್ತಾರೆ. ಕಾಕಾ ಸಂಗೀತದ ಲೈಸೆನ್ಸನ್ನು ಆಹೇರ್ ಎಂದೇ ತಿಳಿದರು.

“ಕೊಟ್ಟಾತನ ಹೆಸರು. ಆತನ ಊರು, ಅಂದ್ರ ಎಲ್ಲಿಂದ ಇಳಿಸ್ಕೊಂಡಿ ಅದು. ಏನು ಕೊಟ್ಟಾನ. ಏನಂತ ಹೇಳಿ ಕೊಟ್ಟಾನ. ನಾಕು ಮಾತು! ಇಷ್ಟು ಹೇಳಾಕ ನಿನ್ನ ಬಾಯಾಗ ಏನಿತ್ತು?”

ಅಂದಿನಿಂದ ಕಾಕಾನ ರುಜು ಇಲ್ಲದೆ ನನ್ನ ಸ್ಟುಡಿಯೊದಿಂದ ಒಂದು ತಂಬೂರಿಯ ಶ್ರುತಿಯೂ ಹೊರಗೆ ಹೋಗುವಂತಿಲ್ಲ ಎಂದಾಯಿತು. ಇದರಿಂದ ಆದ ಅನುಕೂಲಗಳನ್ನು ಕೇಳಿ!

ಔರಾದಿನಲ್ಲಿ ಒಂದು ಮದುವೆ. ವಧೂವರರ ಬಾಲ್ಯದ ಫೋಟೊಗಳನ್ನು ಕೂಡಿಸಿ ನಾನು ಮಾಡಿದ ವಿಡಿಯೊವನ್ನು ಮಂಟಪದ ದೊಡ್ಡ ಪರದೆಯ ಮೇಲೆ ತೋರಿಸುವುದಿತ್ತು. ಅದರ ಸಂಗೀತ ಫಿನ್ಲೆಂಡ್ ದೇಶದ ಯಾರೋ ಪುಣ್ಯಾತ್ಮನದು. ಹೆಸರು ಹಾಕಿದರೆ ಸಾಕು, ಏನಾದರೂ ಮಾಡಿಕೊಳ್ಳಿ ಎಂದಿದ್ದ. ನಾನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಹಾಕಿದ್ದೆ. ವಿಡಿಯೊ ಮುಗಿಯಿತು, ಹೆಸರು ಬಂತು, ಜನ ಅಷ್ಟರಲ್ಲಿ ಊಟಕ್ಕೆ ಎದ್ದಿದ್ದರು. ಕಾಕಾನಿಗೆ ತಡೆಯಲಿಲ್ಲ. ಆಹೇರ್ ಕೂಗುತ್ತಿದ್ದವನ ಕೈಯಿಂದ ಮೈಕ್ ತೆಗೆದುಕೊಂಡು, “ಎಲ್ಲಾರೂ ಕೇಳ್ರಿ! ಫಿನ್ಲೆಂಡ್ ದೇಶದವರಿಂದ ವಧೂವರರಿಗೆ ಒಂದು ಧಾಟಿ, ಪಿಯಾನೊದ್ದು, ಮೂರು ನಿಮಿಷದ್ದು, ಆಹೇರ್!” ಎಂದು ಕೂಗಿಯೇಬಿಟ್ಟರು. ಮುಂದೆ ಆ ಹೆಸರನ್ನೂ ಮೂರು ಸಲ ಹೇಳಿದರು.

ಮಂಟಪವೆಲ್ಲ ತಿರುಗಿ ನೋಡಿತು. ಫಿನ್ಲೆಂಡಿನಿಂದ ಬೀಗರು ಬಂದಿದ್ದಾರೆಯೇ! ಹುಡುಗಿಯ ತಾಯಿ ಗಾಬರಿಯಾಗಿ, “ಅವರು ಉಂಡ್ರೇನು ಕೇಳ್ರಿ ಪೈಲೆ” ಎಂದು ಅಡುಗೆಯ ಕಡೆ ಜನ ಓಡಿಸಿದರು. ಹುಡುಗನ ಸೋದರಮಾವ ಮುಯ್ಯಿಗೆಂದು ಟೊಪ್ಪಿಗೆ, ಟವೆಲು, ತೆಂಗಿನಕಾಯಿ ಹಿಡಿದುಕೊಂಡು ಬಂದು ನಿಂತ. ಕೊಡುವುದು ಯಾರಿಗೆ? ಮೈಕ್ ಹಿಡಿದವರಿಗೇ ಕೊಟ್ಟ. ಕಾಕಾ ತೆಂಗಿನಕಾಯಿಯನ್ನು ಕೆಡುತ್ತದೆಂದು ಕಾಕುವಿನ ಚಟ್ನಿಗೆ ಬಿಟ್ಟರು. ಟೊಪ್ಪಿಗೆ, ಟವೆಲನ್ನು ಮಾತ್ರ ಮುಟ್ಟಲಿಲ್ಲ. “ಇದು ಆತಂದು” ಎಂದು ನನ್ನಿಂದ ಫಿನ್ಲೆಂಡಿಗೆ ಮೇಲ್ ಬರೆಸಿದರು: ತಮ್ಮ ಟೊಪ್ಪಿಗೆ, ಟವೆಲು ನಮ್ಮ ತಾಬೆಯಲ್ಲಿವೆ, ವಿಳಾಸ ತಿಳಿಸಬೇಕು. ಉತ್ತರ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಬಂತು! ತನ್ನ ಧಾಟಿ ಯಾವ ಊರಿಗೆ ಹೋಗುತ್ತದೆಂದು ಇವತ್ತಿನತನಕ ಯಾರೂ ತಿಳಿಸಿರಲಿಲ್ಲ, ಗಂಡು ಹೆಣ್ಣು ಸುಖವಾಗಿರಲಿ, ಟವೆಲನ್ನು ನನ್ನ ಪರವಾಗಿ ನೀವೇ ಹೊದೆಯಿರಿ ಎಂದು ಬರೆದಿದ್ದ. ಕಾಕಾ ಅದನ್ನು ಎರಡು ಸಲ ಓದಿ, “ಈಗ ಲಿಖಿತ ಇಜಾಜತ್ ಬಂತು ನೋಡು” ಎಂದು ಟವೆಲು ಹೆಗಲಿಗೆ ಹಾಕಿಕೊಂಡರು.

ಇದಾದ ಮೇಲೆ ಕಮಠಾಣದ ಟಗರಿನ ಪ್ರಸಂಗ. ಅಲ್ಲಿನ ಕುರಿಯವರೊಬ್ಬರಿಗೆ ತಮ್ಮ ಟಗರಿನ ಮೇಲೆ ಬಹಳ ಪ್ರೀತಿ. ಅದರದೊಂದು ಚಂದದ ವಿಡಿಯೊ ಬೇಕೆಂದರು. ನಾನೊಂದು ಒಳ್ಳೆಯ ಡೋಲಿನ ಧಾಟಿ ಆರಿಸಿದೆ. ಕಾಕಾ ಷರತ್ತು ಓದಿದರು. ‘ಏನೂ ಬದಲಾಯಿಸಬಾರದು’ ಎಂದಿತ್ತು.

“ಅಂದ್ರ ಕಡಿಯಾಕ ಬರಲ್ಲ. ಧಾಟಿ ನಾಕು ನಿಮಿಷ ಅದ. ಪೂರಾ ನಾಕು ನಿಮಿಷ ಹಾಕು.”

“ಟಗರಿಂದು ಒಂದೇ ನಿಮಿಷದ್ದು ಅದ ಅಲ್ರಿ ಕಾಕಾ!”

“ಮತ್ತ ನೀರು ಕುಡಸು.”

ಟಗರು ನೀರು ಕುಡಿಯಿತು. ನಾಲ್ಕು ನಿಮಿಷವಾಗಬೇಕಲ್ಲ, ಇನ್ನೊಮ್ಮೆ ಕುಡಿಸಿದೆವು. ಮೂರನೆಯ ಸಲ ಕ್ಯಾಮೆರಾ ಕಂಡ ಕೂಡಲೇ ಅದು ನೀರಿನ ಬಾನಿಯನ್ನೇ ಗುಮ್ಮಿ ಕೆಡವಿತು. ಹೇಗೋ ಹೊಂದಿಸಿಕೊಂಡು ಬಂದು ವಿಡಿಯೊ ಮುಗಿಸುವಷ್ಟರಲ್ಲಿ ಕಾಕಾ ಮುಂದಿನ ಪುಟಕ್ಕೆ ಬಂದಿದ್ದರು. ಅಲ್ಲಿ ಏನಿತ್ತು ಗೊತ್ತೇ? ಧಾಟಿಯನ್ನು ಚಿತ್ರದ ಜೊತೆ ಕೂಡಿಸುವುದೂ ಬದಲಾವಣೆಯೇ ಎಂದಿತ್ತು! ಅಂದರೆ ಅದನ್ನು ವಿಡಿಯೊಕ್ಕೆ ಹಾಕುವಂತೆಯೇ ಇರಲಿಲ್ಲ.

ಬೇರೆ ಧಾಟಿ ಹುಡುಕಿದೆ. ಅದಕ್ಕೆ ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಷರತ್ತು. ಕಾಕಾ ಕುರಿಯವರಿಗೆ ಫೋನ್ ಹಚ್ಚಿದರು. “ಟಗರು ಮಾರ್ತೀರೇನ್ರಿ?” ಆ ಮನುಷ್ಯನಿಗೆ ಸಿಟ್ಟು ಬಂತು. “ಅದು ನನ್ನ ಮಗ ಇದ್ದಂಗ ಅದರಿ! ಮಗನ್ನ ಮಾರ್ತಾರೇನ್ರಿ?” ಕಾಕಾ ಅದನ್ನೇ ಕಾಗದದ ಮೇಲೆ ಬರೆಸಿ ಸಹಿ ತೆಗೆದುಕೊಂಡರು. ಎಂಟು ದಿನಕ್ಕೆ ಅದೇ ಮನುಷ್ಯ ಫೋನ್ ಮಾಡಿದರು: “ಗಿರಾಕಿ ಬಂದದರಿ. ವಿಡಿಯೊ ಜರಾ ಲಗೂನ ಕಳಸ್ರಿ, ತೋರ್ಸಬೇಕು.” ಕೊನೆಗೆ ಯಾವ ಧಾಟಿಯೂ ಇಲ್ಲದೆ, ಟಗರಿನ ಕೊರಳ ಗಂಟೆಯ ಸದ್ದಿನಲ್ಲೇ ವಿಡಿಯೊ ಹೋಯಿತು. ಗಂಟೆ ಯಾರದೆಂದು ಕಾಕಾ ಕೇಳಿಕೊಂಡೇ ಹಾಕಲು ಬಿಟ್ಟರು.

ನಾನು ಬೇಸತ್ತಿದ್ದೆ. ಯಾರ ಸಂಗೀತವೂ ಬೇಡ, ಯಾರ ಷರತ್ತೂ ಬೇಡ ಎಂದು ನಮ್ಮ ದೊಡ್ಡತ್ತೆಯ ಬಳಿ ಹೋದೆ. ಅತ್ತೆ ಅಂದರೆ ಅಪ್ಪನಿಗೂ ಕಾಕಾನಿಗೂ ಹಿರಿಯಕ್ಕ. ಔರಾದ್ ಹತ್ತಿರದ ಹಳ್ಳಿಯಲ್ಲಿ ಮೊಮ್ಮಕ್ಕಳು ಮರಿಮಕ್ಕಳ ಜೊತೆ ಇದ್ದಾಳೆ, ಎಂಬತ್ತು ದಾಟಿದೆ. ಹಗಲು ಹೊತ್ತಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ಮರಿಮಗಳನ್ನು ತೂಗುತ್ತ ಒಂದು ಜೋಗುಳ ಹಾಡುತ್ತಾಳೆ. ಹೆಚ್ಚು ಮಾತಿಲ್ಲ, ಬರೀ ಗುನುಗು. ನಡುನಡುವೆ ‘ಕಾಶಮ್ಮನ ಕೂಸು ಮಕ್ಕೋತದ’, ಅಂದರೆ ಮಲಗುತ್ತದೆ, ಎಂಬ ಒಂದು ಸಾಲು. ಜೋಳಿಗೆಯ ಹಗ್ಗದ ಕಿರುಗುಟ್ಟುವಿಕೆ, ಅತ್ತೆಯ ದನಿ, ಹೊರಗೆ ಕುರಿಗಳ ಸದ್ದು, ಇಷ್ಟೇ ಇಟ್ಟು ವಿಡಿಯೊ ಹಾಕಿದೆ. ಕಾಕಾನಿಗೆ ಓದಲು ಏನೂ ಇರಲಿಲ್ಲ. “ಅಕ್ಕಂದು, ಮನಿಂದು. ಹಾಕು” ಎಂದರು.

ಜನ ಅದನ್ನು ಬಹಳ ನೋಡಿದರು. ತಿಂಗಳಾಗುವಷ್ಟರಲ್ಲಿ ನನಗೆ ದೂರು ಬಂತು. ಮೂರನೆಯದು! ಎಲ್ಲಿಯವನೋ ಒಬ್ಬ ಅತ್ತೆಯ ದನಿಯನ್ನು ನಮ್ಮ ವಿಡಿಯೊದಿಂದಲೇ ಎತ್ತಿ, ಕೆಳಗೆ ಢಂಢಂ ಎಂದು ತಾಳ ಹಾಕಿ, ತನ್ನ ಹೆಸರಿಗೆ ದಾಖಲು ಮಾಡಿಕೊಂಡಿದ್ದ. ಈಗ ಅವನ ಪ್ರಕಾರ ನಾವು ಕಳ್ಳರು. ಏಳು ದಿನದೊಳಗೆ ಉತ್ತರ ಕೊಡದಿದ್ದರೆ ಚಾನೆಲ್ ಹೋಗುತ್ತದೆ, ಅತ್ತೆಯ ಹಾಡು ಅವನದಾಗುತ್ತದೆ. ಉತ್ತರದ ನಮೂನೆಯಲ್ಲಿ ಮೂರು ಪ್ರಶ್ನೆಗಳಿದ್ದವು: ಈ ಧಾಟಿ ಮಾಡಿದವರು ಯಾರು? ನಿಮಗೆ ಯಾವ ಹಕ್ಕಿನಿಂದ ಬಂತು? ಯಾವ ಷರತ್ತಿನ ಮೇಲೆ?

ಕಾಕಾ ಈ ಸಲ ಏನೂ ತಮಾಷೆ ಮಾಡಲಿಲ್ಲ. “ನಡಿ, ಅಕ್ಕನ್ನ ಕೇಳೂಣು” ಎಂದರು.

ನಾವು ಹೋದಾಗ ಅತ್ತೆ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಾಕಾ ಎದುರಿಗೆ ಕೂತು ಕಾಗದ ಬಿಚ್ಚಿದರು.

“ಅಕ್ಕಾ, ನೀ ಹಾಡ್ತಿಯಲ್ಲ, ಆ ಧಾಟಿ ಯಾರದು?”

“ಅವ್ವಂದು.”

“ಅವ್ವಗ ಹ್ಯಾಂಗ ಬಂತು? ಪಿತ್ರಾರ್ಜಿತನೋ ಸ್ವಯಾರ್ಜಿತನೋ?”

“ಏನಂತೀಯೋ ತಮ್ಮಾ! ತಿಳ್ಯೋಹಂಗ ಕೇಳು.”

“ಅವ್ವಗ ಯಾರರೆ ಕಲ್ಸಿದ್ರೇನು, ಇಲ್ಲಾ ತಾನೇ ಕಟ್ಟಿದ್ಳೇನು?”

“ತಾನೇ ಕಟ್ಟಿದ್ಳು. ನೀ ಹುಟ್ಟಿದಾಗ.”

ಕಾಕಾನ ಪೆನ್ಸಿಲು ನಿಂತಿತು. “ನಾ ಹುಟ್ಟಿದಾಗ?”

“ಹೂಂ ಮತ್ತ. ನಾವೆಲ್ಲ ಹಾಕಿದಲ್ಲಿ ಮಕ್ಕೋತಿದ್ವಿ. ನೀ ಒಬ್ಬಾಂವ ಅಳ್ತಿದ್ದಿ, ಹಗಲೆಲ್ಲ ಅಳ್ತಿದ್ದಿ. ಯಾವ ಹಾಡೂ ನಿನಗ ಸೇರ್ತಿದ್ದಿಲ್ಲ. ಅದಕ್ಕೇ ಇದು ಕಟ್ಟಿದ್ಳು. ಎರಡು ವರ್ಷ ಹಾಡಿದ್ಳು. ಆಮ್ಯಾಲ ಆಕಿ ಹೋದ್ಳು, ನಾ ಹಾಡ್ದೆ.”

ಕಾಕಾನಿಗೆ ತಾಯಿಯ ಮುಖ ನೆನಪಿಲ್ಲ. ಮನೆಯಲ್ಲಿ ಆಕೆಯ ಫೋಟೊ ಕೂಡ ಇಲ್ಲ.  ಅವರು ಮತ್ತೆ ಪೆನ್ಸಿಲು ಊರಿ, “ಹೆಸರು ಬರೀಬೇಕು. ಗಂಗಾಬಾಯಿ ಅಂತ ಬರೀತೇನಿ” ಎಂದರು.

“ಅದು ನಮ್ಮಪ್ಪನ ಮನಿಯವರು ಇಟ್ಟ ಹೆಸರು. ಮದಿವ್ಯಾಗ ಪರಾತದಾಗ ಅಕ್ಕಿ ಹಾಕಿ, ಅದರಾಗ ಬರ್ದು ಇಟ್ರು. ಸಾಯಗಾಂವದಾಗ, ತವರಮನ್ಯಾಗ, ಆಕಿ ಹೆಸರು ಬ್ಯಾರೆ ಇತ್ತು.”

“ಏನಿತ್ತು?”

ಅತ್ತೆಗೆ ನಗು ಬಂತು. “ಹಾಡಿನ್ಯಾಗೇ ಅದಲ್ಲೋ! ‘ಕಾಶಮ್ಮನ ಕೂಸು ಮಕ್ಕೋತದ.’ ಕಾಶಮ್ಮ ಅಂದ್ರ ಮತ್ತ ಯಾರು? ಅವ್ವ. ಕೂಸು ನೀನು.”

ನಾನು ಆ ಸಾಲನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಕಾಕಾ ಎಪ್ಪತ್ತು ವರ್ಷ ಕೇಳಿದ್ದಾರೆ. ಕಾಶಮ್ಮ ಯಾರು ಎಂದು ನಾವ್ಯಾರೂ ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

“ಇದಕ್ಕ ದಾಖಲಿ ಏನರೆ ಅದೇನಕ್ಕಾ?” ಕಾಕಾನ ದನಿ ಬಹಳ ಸಣ್ಣದಾಗಿತ್ತು.

“ದಾಖಲಿ ನಾನೇ ಅದೀನಿ” ಎಂದಳು ಅತ್ತೆ, ಬೇಳೆ ಕೇರುತ್ತಲೇ.

ಕೊನೆಯ ಪ್ರಶ್ನೆ ಉಳಿದಿತ್ತು. ಯಾವ ಷರತ್ತಿನ ಮೇಲೆ? ಜಗತ್ತಿನವರ ಷರತ್ತುಗಳನ್ನೆಲ್ಲ ಓದಿದ್ದ ಕಾಕಾ ಅಂದು ಮೊದಲ ಸಲ, ನಿನ್ನ ಷರತ್ತೇನು ಎಂದು ಒಬ್ಬರನ್ನು ಕೇಳಿದರು. ಅತ್ತೆ ಯೋಚಿಸಿದಳು. “ಹಾಡೋರು ಹಾಡ್ಲಿ. ಯಾರ ಕೂಸು ಮಕ್ಕೊಂಡ್ರೇನು! ಕೂಸು ಮಕ್ಕೊಂಡ ಮ್ಯಾಲ ನಿಲ್ಲಸ್ರಿ ಅಂತ ಬರಿ. ಸುಮ್ಮ ಒದರಬ್ಯಾಡ್ರಿ.” ಕಾಕಾ ಅದನ್ನೂ ಬರೆದರು! ಅತ್ತೆಯ ಹೆಬ್ಬೆಟ್ಟು, ಅಪ್ಪನ ಸಹಿ, ತಮ್ಮ ಸಹಿ, ವಾರಸುದಾರರು ಮೂವರೆಂದು ವಂಶಾವಳಿ, ಯಾವುದನ್ನೂ ಬಿಡಲಿಲ್ಲ. ಉತ್ತರದ ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: ದೂರು ಕೊಟ್ಟವರ ಹಾಡಿನಲ್ಲೂ ಢಂಢಂ ನಡುವೆ ಕಾಶಮ್ಮ ಎಂಬ ಹೆಸರು ಕೇಳಿಸುತ್ತದೆ, ಆಕೆ ಯಾರೆಂದು ಅವರು ತಿಳಿಸಬೇಕು.

ಅವನು ಏನು ತಿಳಿಸಿಯಾನು? ಆರನೆಯ ದಿನ ದೂರು ಹಿಂದಕ್ಕೆ ಹೋಯಿತು. ಚಾನೆಲ್ ಉಳಿಯಿತು. ನಾನು ಕುಣಿದಾಡುತ್ತ ಭಾಲ್ಕಿಗೆ ಫೋನ್ ಮಾಡಿದರೆ ಕಾಕಾ ಗೆದ್ದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. “ಹೆಸರು ಹಾಕೀದೇನು?” ಎಂದು ಕೇಳಿದರು, ಅಷ್ಟೇ.

ಮರುದಿನ ಬಂದರು. ಹೊಸದಾಗಿ ತಿದ್ದಿದ ವಿಡಿಯೊ ಹಚ್ಚಿದೆ. ಜೋಳಿಗೆ, ಅತ್ತೆ, ಗುನುಗು ಎಲ್ಲ ಮುಗಿದು ಕೊನೆಗೆ ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರ ಬಂತು: ‘ಧಾಟಿ ಕಟ್ಟಿದವರು ಕಾಶಮ್ಮ, ಸಾಯಗಾಂವ.’ ಅಲ್ಲಿಯೇ ನಿಲ್ಲಿಸಲು ಕೈಸನ್ನೆ ಮಾಡಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ನಲವತ್ತು ವರ್ಷ ಮಂದಿ ಹೆಸರು ಬರ್ದೇನಿ ಬೇಟಾ. ಯಾರ್ಯಾರದೋ ಬರ್ದೇನಿ. ಅವ್ವಂದು ಒಮ್ಮಿನೂ ಬರ್ದಿದ್ದಿಲ್ಲ. ಆಕಿ ಹೆಸರಲೆ ಹೊಲ ಇದ್ದಿಲ್ಲ, ಮನಿ ಇದ್ದಿಲ್ಲ. ಬರಿಯೋ ಪ್ರಸಂಗನೇ ಬರ್ಲಿಲ್ಲ ನೋಡು.”

 ಈ ಮನುಷ್ಯನನ್ನು ಎಷ್ಟು ಸಲ ಗೇಲಿ ಮಾಡಿದ್ದೇನೆ, ಎಷ್ಟು ಸಲ ಬೇಸತ್ತಿದ್ದೇನೆ! ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡೆ. 

ಆಮೇಲೆ ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಎಂದೂ ಇಲ್ಲದ ಸಂಕೋಚದಿಂದ ಕೇಳಿದರು, “ಅಕ್ಷರ ಇನ್ನೂ ಜರಾ ದೊಡ್ಡದು ಮಾಡಾಕ ಬರ್ತದೇನು?”